ನಲವತ್ತೊಂದನೆಯ ಪದ

ಕನಕರಾಜು ಮೊಟ್ಟಮೊದಲು ಸಹನಳನ್ನು ಮಾತಾಡಿಸಿದ್ದು ಒಂದು ಬೈಗುಳದ ಅರ್ಥ ಕೇಳುವುದಕ್ಕೆ.

ಸಿಂಧಘಟ್ಟದ ಬಸ್‌ಸ್ಟಾಪು, ಬೆಳಗಿನ ಏಳೂವರೆ. ಅವಳು ಆದಿಚುಂಚನಗಿರಿಯ ಕಾಲೇಜಿಗೆ ಹೊರಟಿದ್ದಳು. ಅವನು ಕೆ.ಆರ್. ಪೇಟೆಯಲ್ಲಿರುವ ತನ್ನ ಮೋಟಾರ್ ರಿವೈಂಡಿಂಗ್ ಅಂಗಡಿಗೆ.

"ಸಹನಾವ್ರೇ, ತೆಪ್ಪು ತಿಳ್ಕಬ್ಯಾಡಿ. ಕ್ರಿಂಜ್ ಅಂದ್ರೇನು?"

"ಯಾರ್ಗಂದ್ರು?"

"ನಂಗೇಯ. ಓದ್ ಶನಿವಾರ ಗುಡೀಲಿ ಅರ್ಥ ಹೇಳ್ತಿದ್ನಲ್ಲ, ಇಂದ್ಗಡೆ ಕುಂತಿದ್ದ ಉಡ್ಗೀರು ಅಂದ್ರು."

ಸಹನ ದುಪ್ಪಟ್ಟಾದ ತುದಿ ಬಾಯಿಗೆ ಹಿಡಿದಳು. ನಗು ನಿಲ್ಲಲಿಲ್ಲ. "ನೋಡೋಕಾಗ್ದೆ, ನಮ್ಗೇ ನಾಚ್ಕೆಯಾಗಿ ಮುಖ ಮುಚ್ಕಳಂಗಾಯ್ತದಲ್ಲ, ಅದು."

ಅವನು ಕೋಪ ಮಾಡಿಕೊಳ್ಳಲಿಲ್ಲ. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದ. ಮೊದಲ ಹಾಳೆಗಳಲ್ಲಿ ಹಳಗನ್ನಡದ ಪದಗಳಿಗೆಲ್ಲ ಅರ್ಥ ಬರೆದಿತ್ತು. ಅದನ್ನು ತಿರುಗಿಸಿ, ಕೊನೆಯ ಹಾಳೆಯಲ್ಲಿ ದುಂಡಗೆ ಬರೆದ: ೧. ಕ್ರಿಂಜ್.

"ಆ ಮಕ್ಳ ಮಾತು ನಂಗರ್ಥವಾಗ್ದಿದ್ರೆ, ನನ್ನ ಮಾತು ಅವ್ರಿಗೆಂಗರ್ಥವಾದದು?"

ಬೈಸಿಕೊಂಡ ಮಾತನ್ನೂ ಇಷ್ಟು ಅಂದವಾಗಿ ಬರೆದುಕೊಳ್ಳುವ ಗಂಡಸನ್ನು ಸಹನ ಅವತ್ತಿನವರೆಗೆ ಕಂಡಿರಲಿಲ್ಲ.

ಊರ ಆಂಜನೇಯನ ಗುಡಿಯಲ್ಲಿ ಪ್ರತಿ ಶನಿವಾರ ಸಂಜೆ ನಾಲ್ಕಕ್ಕೆ ಕಾವ್ಯದ ಓದು. ಪದ್ಯವನ್ನು ರಾಗವಾಗಿ ಓದುವವರು ಸಹನಳ ಅಪ್ಪ ರಂಗಸ್ವಾಮಿಗೌಡರು. ಒಂದೊಂದು ಪದ್ಯ ಮುಗಿದಂತೆ ಅದರ ಅರ್ಥ ಹೇಳುವವನು ಕನಕರಾಜು. ಮೊದಲು ಅವನ ಅಪ್ಪ ದೊಡ್ಡಬೀರಯ್ಯ ಹೇಳುತ್ತಿದ್ದರು. ಅವರ ಗಂಟಲು ಕೆಟ್ಟ ಮೇಲೆ ಆರು ವರ್ಷದಿಂದ ಮಗ. ಲಾಯರ ಮಾತನ್ನೂ ಡಾಕ್ಟರ ಮಾತನ್ನೂ ನಂಬದ ಗೌಡರು ಕನಕರಾಜು ಹೇಳಿದ ಅರ್ಥಕ್ಕೆ ಮಾತ್ರ ತಲೆದೂಗುತ್ತಿದ್ದರು.

ಗುಡಿಯೊಳಗೆ ಇಬ್ಬರದೂ ಅಕ್ಕಪಕ್ಕದ ಮಣೆ. ಗುಡಿಯಿಂದಾಚೆಗೆ ಗೌಡರದು ಮೇಲಿನ ಬೀದಿ. ಕನಕರಾಜುವಿನದು ಕೆರೆ ಕೆಳಗಿನ ಬೀದಿ, ಬೀರೇದೇವರ ಒಕ್ಕಲು. ಗೌಡರ ಜಗಲಿಯ ಮೇಲೆ ಕಾಫಿ ಸಿಗುತ್ತಿತ್ತು. ಹೊಸಿಲು ದಾಟಿ ಒಳಗೆ ಬಾ ಎಂದವರಿಲ್ಲ.

ಬಸ್‌ಸ್ಟಾಪಿನ ಪಾಠ ಮೂರು ತಿಂಗಳು ನಡೆಯಿತು.

"ಅರ್ಥದೋರೇ, ಇವತ್ತಿನ ಪದ ರಿಜ್. ಉಡ್ಗೀರ್ನ ಮಾತಲ್ಲೇ ಬೀಳ್ಸೋ ಚಾಲಾಕಿ."

"ನಂಗೈತಾ?"

"ಒಂದ್ಚೂರೂ ಇಲ್ಲ."

"ಒಳ್ಳೇದಾಯ್ತು ಬುಡಿ," ಎಂದು ಅವನು ಬರೆದುಕೊಂಡ. ಬರೆಯುತ್ತ ಒಮ್ಮೆ ಕಣ್ಣೆತ್ತಿದ. ಅವಳು ನೋಡುತ್ತಿರುವುದು ಕಂಡು ಮತ್ತೆ ಹಾಳೆಗೆ ಬಗ್ಗಿದ. ತಾಮ್ರದ ತಂತಿ ಸುತ್ತಿ ಸುತ್ತಿ ಗೆರೆ ಬಿದ್ದ ಬೆರಳುಗಳು. ಆ ಬೆರಳುಗಳ ಕೆಳಗೆ ತಾನು ಕೊಟ್ಟ ಪದ ಒಂದೊಂದೇ ಅಕ್ಷರವಾಗಿ ಮೂಡುವುದನ್ನು ನೋಡುವಾಗ ಸಹನಳಿಗೆ ಬಸ್ಸು ಇನ್ನೂ ಒಂದೈದು ನಿಮಿಷ ತಡವಾಗಿ ಬರಲಿ ಎನಿಸುತ್ತಿತ್ತು. ಪದಗಳು ನಲವತ್ತಾದವು. ಇಬ್ಬರೂ ಬೇರೇನೂ ಹೇಳಿಕೊಳ್ಳಲಿಲ್ಲ. ಹೇಳಬೇಕಾದ್ದನ್ನೆಲ್ಲ ಸಹನ ಫೋನಿನಲ್ಲಿ ಗೆಳತಿ ಸ್ನೇಹಳಿಗೆ ಬರೆದು ಹೇಳಿಕೊಂಡಳು.

ಅಷ್ಟರಲ್ಲಿ ಪಾಂಡವಪುರದ ಸಂಬಂಧ ಬಂತು. ಬರುವ ಭಾನುವಾರ ಹೆಣ್ಣು ನೋಡುವ ಶಾಸ್ತ್ರ ಎಂದು ಗೌಡರು ಅವಳನ್ನು ಕೇಳದೆಯೇ ಗೊತ್ತು ಮಾಡಿದರು.

ಮಂಗಳವಾರ ಅವಳು ನೀರು ಹಾಕಿಕೊಳ್ಳಲು ಹೋದಾಗ ಫೋನು ಒಂದೇ ಸಮ ಟಿಣ್ ಟಿಣ್ ಎಂದಿತು. ಗೌಡರು ಎತ್ತಿಕೊಂಡರು. ಊರ ಹುಡುಗರೆಲ್ಲ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೆ, ಅಪ್ಪನ ತೊಡೆಯ ಮೇಲೆ ಕೂತು ಪದ್ಯ ಕೇಳಿ ಬೆಳೆದ ಸಹನ ಮಾತ್ರ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದಳು. ಅವಳು ಸ್ನೇಹಳಿಗೆ ಬರೆದದ್ದನ್ನು ಗೌಡರು ಓದಿದರು. ಓದಲು ಬಂತು. ಅರ್ಥವಾಗಲಿಲ್ಲ.

ಬುಧವಾರ ಮಧ್ಯಾಹ್ನ ಅವರು ಕನಕರಾಜುವಿಗೆ ಹೇಳಿಕಳಿಸಿದರು. ಅವನು ಜಗಲಿಯ ಮೇಲೆ ಕೂತ. ಒಳಗೆ, ಕಿಟಕಿಯ ಪಕ್ಕ, ಸಹನ ಗೋಡೆಗೆ ಒರಗಿ ನಿಂತಳು. ಅವ್ವ ಬೈರಮ್ಮ ಮೊರದಲ್ಲಿ ಅವರೆಕಾಯಿ ಹಿಡಿದು ಕೂತಿದ್ದಳು, ಒಂದೂ ಸುಲಿಯಲಿಲ್ಲ.

"ಕನಕ, ಐಕ್ಳ ಮಾತ್ನೆಲ್ಲ ಬರ್ಕಂಡಿದ್ದೀಯಂತೆ. ನಾನು ಓದ್ತೀನಿ, ನೀನು ಅರ್ಥ ಹೇಳು. ಮುಚ್ಚುಮರೆ ಬ್ಯಾಡ ಕಣ್ಲಾ. ನನ್ ಮಗ್ಳ ಬಾಳು."

"ಹೇಳಿ ಗೌಡ್ರೇ."

ಗೌಡರು ಕನ್ನಡಕ ಏರಿಸಿ ಮಗಳ ಫೋನು ಹಿಡಿದರು. ಅಭ್ಯಾಸ ಬಿಡಲಿಲ್ಲ, ರಾಗ ತಾನಾಗಿಯೇ ಬಂತು. "ಅವ್ನು ಫುಲ್ ಗ್ರೀನ್ ಫ್ಲ್ಯಾಗ್ ಕಣೇ..."

ಸಹನ ಕಣ್ಣು ಮುಚ್ಚಿಕೊಂಡಳು. ತನ್ನ ಪ್ರೇಮವನ್ನು ಅಪ್ಪ ರಾಗವಾಗಿ ಓದುತ್ತಿದ್ದಾರೆ, ಅದೂ ಅವನ ಮುಂದೆಯೇ!

"ರೈಲ್ಗೆ ಹಸ್ರು ಬಾವುಟ ತೋರುಸ್ತಾರಲ್ಲ, ಅಂಗೆ. ನಂಬಿ ಜೊತೇಲಿ ಓಗಬೋದಾದ ಮನ್ಸ ಅಂತ," ಎಂದ ಕನಕರಾಜು. ಯಾರ ಬಗ್ಗೆ ಬರೆದ ಮಾತೆಂದು ಅವನಿಗಿನ್ನೂ ಹೊಳೆದಿರಲಿಲ್ಲ. ಧ್ವನಿ ಮಾತ್ರ ಸೊರಗಿತ್ತು.

"ರಿಜ್ ಒಂದ್ಚೂರೂ ಇಲ್ಲ. ಔರಾ ಮಾತ್ರ ಸಖತ್."

ಅವನು ತಡೆದ. "ಉಡ್ಗೀರ್ನ... ಮಾತಲ್ಲಿ ಬೀಳ್ಸೋ ಚಾಲಾಕಿ ಇಲ್ಲ. ಆದ್ರೂ ಅವ್ನು ಬಂದು ನಿಂತ್ರೆ ಸುತ್ತ ಬೆಳಕಾದಂಗಾಯ್ತದೆ ಅಂತ."

"ಪಾಂಡವಪುರದ್ದು ಸೀನೇ ಇಲ್ಲ. ನೋ ಕ್ಯಾಪ್."

"ಆ ಸಂಬಂಧ ಒಪ್ಪಕಿಲ್ಲ. ಸುಳ್ಳಲ್ಲ, ಆಣೆ."

ಗೌಡರು ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದರು. "ಕೊನೇದು. ಶನಿವಾರ ಬಂದ್ರೆ ಸಾಕು, ನಾನು ಗಾನ್ ಕೇಸ್."

ಸಹನ ಕಿಟಕಿಯ ಸರಳಿನ ಸಂದಿಯಿಂದ ನೋಡಿದಳು. ಕನಕರಾಜುವಿನ ಕಿವಿ ಕೆಂಪಾಗಿತ್ತು. ಆ ಮನುಷ್ಯ ತಾನೇ ಎಂದು ಅವನಿಗೆ ತಿಳಿಯಿತು. ಒಂದು ಸುಳ್ಳು ಹೇಳಿದರೆ ಸಾಕು, ಅವನು ಕಾಫಿ ಕುಡಿದು ಎದ್ದು ಹೋಗಬಹುದು. ಭಾನುವಾರ ಪಾಂಡವಪುರದವರು ಬಂದು ಕೂರುತ್ತಾರೆ.

"ಇದುಕ್ಕೆ ಅರ್ಥ ನಾನು ಹೇಳ್ಬಾರ್ದು ಗೌಡ್ರೇ."

"ಗೊತ್ತಿಲ್ವಾ?"

"ಈ ಪದ ನಂಗವರು ಹೇಳ್ಕೊಟ್ಟಿಲ್ಲ. ಊಹೆ ಮಾಡಿ ಹೇಳಿದ್ರೆ, ನಂಗೆ ಬೇಕಾದ ಅರ್ಥಾನೇ ಹೇಳ್ಬುಡ್ತೀನಿ ಅಂತ ಭಯ."

ಸಹನ ಬಾಗಿಲಾಚೆಗೆ ಬಂದಳು.

"ನಾನೇಳ್ತೀನಿ ಅಪ್ಪ. ಗಾನ್ ಕೇಸ್ ಅಂದ್ರೆ ಇನ್ನು ಕೈಗೆ ಸಿಗ್ದೋಳು. ಶನಿವಾರ ಅವ್ರು ಅರ್ಥ ಹೇಳಾಕೆ ಬಾಯಿ ಬುಟ್ರೆ ನಾನು ನನ್ನ ಕೈಲೂ ಇರಕಿಲ್ಲ. ಭಾನುವಾರ ಯಾರೇ ಬಂದ್ರೂ ಕಾಫಿ ತಟ್ಟೆ ಇಡ್ಕಂಡು ಆಚೀಗೆ ಬರಾಕಿಲ್ಲ."

ಗೌಡರು ಮಗಳನ್ನು ನೋಡಲಿಲ್ಲ. ಕನಕರಾಜುವಿನತ್ತ ತಿರುಗಿದರು. "ಇಷ್ಟೊತ್ತು ನಾನು ಓದಿದ್ದು ನಿನ್ ಪುರಾಣವೇನ್ಲಾ?"

"ನೀವು ಓದ್ದಾಗ್ಲೇ ನಂಗೂ ಗೊತ್ತಾಗಿದ್ದು ಗೌಡ್ರೇ."

"ಸುಳ್ಳು ಅರ್ಥ ಹೇಳಿದ್ರೂ ನಾನು ನಂಬ್ತಿದ್ದೆ ಕಣ್ಲಾ."

"ಅದ್ಕೇ ಹೇಳ್ನಿಲ್ಲ."

"ಏಳು ಮ್ಯಾಕೆ. ಇನ್ನೀ ಜಗಲಿ ತುಳೀಬ್ಯಾಡ."

ಕನಕರಾಜು ಎದ್ದ. ಓಡಲಿಲ್ಲ, ತಲೆ ತಗ್ಗಿಸಲಿಲ್ಲ. "ಜಗಲಿ ತುಳಿಯಕಿಲ್ಲ. ನಿಮ್ ಮಗ್ಳು ನಂಗೂ ಬೇಕು, ಅದ್ನೂ ಮುಚ್ಚಿಡಕಿಲ್ಲ. ಶನಿವಾರ ಗುಡೀಗೆ ಬತ್ತೀನಿ."

"ಬಾ. ಓದೋರು ಇರಕಿಲ್ಲ," ಎಂದರು ಗೌಡರು.

ಶನಿವಾರದವರೆಗೆ ಮನೆಯಲ್ಲಿ ಗೌಡರ ಮಾತಿಲ್ಲ, ಸಹನಳಿಗೆ ಕಾಲೇಜಿಲ್ಲ. ಶನಿವಾರ ಮೂರೂವರೆಗೆ ಅವಳು ಚಪ್ಪಲಿ ಮೆಟ್ಟಿದಾಗ ತಡೆಯಲು ಬಂದವಳಂತೆ ಬೈರಮ್ಮ ಎದ್ದಳು. ಕೈಯಲ್ಲಿ ನೀರಿನ ಚೊಂಬಿತ್ತು.

"ಕುಡ್ಕಂಡೋಗವ್ವ. ಗಂಟ್ಲು ಒಣಗ್ತದೆ."

ಏನು ಮಾಡಲು ಹೊರಟಿದ್ದಾಳೆಂದು ಸಹನ ಯಾರಿಗೂ ಹೇಳಿರಲಿಲ್ಲ.

ಗುಡಿಯಲ್ಲಿ ವ್ಯಾಸಪೀಠದ ಮೇಲೆ ಪುಸ್ತಕವಿತ್ತು. ಅಪ್ಪ ಕೂರುವ ಮಣೆ ಖಾಲಿ. ಪಕ್ಕದಲ್ಲಿ ಕನಕರಾಜು ಒಬ್ಬನೇ ನೆಟ್ಟಗೆ ಕೂತಿದ್ದ. ಸುದ್ದಿ ಊರಿಗೆಲ್ಲ ಹಬ್ಬಿತ್ತು. ಎಂದೂ ಬಾರದವರೂ ಬಂದಿದ್ದರು.

"ಗೌಡ್ರು ಬರಾಕಿಲ್ವಂತೆ. ಎದ್ದೋಗವಾ?" ಎಂದ ಮುದುಕ ಕರಿಯಯ್ಯ.

ಸಹನ ಹೋಗಿ ಮಣೆಯ ಮೇಲೆ ಕೂತಳು.

"ಎಣ್ಮಗ ಓದ್ತದಾ?"

"ಕೇಳಿ ನೋಡಿ ತಾತ. ಚೆನ್ನಾಗಿಲ್ದಿದ್ರೆ ಆಮ್ಯಾಲೆ ಎದ್ದೋಗಿ."

ಕನಕರಾಜು ಪೀಠದ ಮರೆಯಲ್ಲಿ ನೋಟ್‌ಬುಕ್ಕನ್ನು ಅವಳತ್ತ ಸರಿಸಿದ. ೪೧. ಗಾನ್ ಕೇಸ್. ಮುಂದಕ್ಕೆ ಖಾಲಿ.

"ಅವತ್ತೇ ಕೇಳಿಸ್ಕಂಡ್ರಲ್ಲ," ಎಂದಳು ಪಿಸುಮಾತಿನಲ್ಲಿ.

"ನಿಮ್ಮಪ್ಪಂಗೆ ಹೇಳಿದ್ರಿ. ನಂಗೆ ಹೇಳ್ನಿಲ್ಲ."

"ಕ್ರಿಂಜ್," ಎಂದು ಅವಳು ಪುಸ್ತಕ ತೆರೆದಳು.

ಮೊದಲ ಪದ್ಯದಲ್ಲಿ ದನಿ ನಡುಗಿತು. ಎರಡನೆಯದರಲ್ಲಿ ಹದಕ್ಕೆ ಬಂತು. ಅವಳು ಓದಿದಳು, ಅವನು ಅರ್ಥ ಹೇಳಿದ. ಹಿಂದೆ ಕೂತ ಹುಡುಗಿಯರು ಫೋನು ಕೆಳಗಿಟ್ಟರು. ಮೂರನೆಯ ಪದ್ಯದ ನಡುವೆ ಅವಳು ಉಸಿರಿಗೆ ನಿಂತಾಗ ಬಾಗಿಲಿನಿಂದ ಒಂದು ಗದರಿಕೆ ಕೇಳಿತು.

"ಅಲ್ಲಿ ನಿಲ್ಸಬ್ಯಾಡ! ಪದ ಮುರೀತದೆ. ಮುಂದ್ಲ ಸಾಲ್ಗೆ ಒಂದೇ ಉಸ್ರಲ್ಲಿ ಓಗು."

ರಂಗಸ್ವಾಮಿಗೌಡರು ಹೊಸಿಲಾಚೆ ನಿಂತಿದ್ದರು, ಕಾಲಲ್ಲಿ ಚಪ್ಪಲಿ ಹಾಗೇ ಇತ್ತು. ಸಹನ ಆ ಪದ್ಯವನ್ನು ಮೊದಲಿನಿಂದ ಎತ್ತಿಕೊಂಡಳು. ಎಲ್ಲಿಯೂ ನಿಲ್ಲದೆ, ಒಂದೇ ಉಸಿರಿನಲ್ಲಿ, ಅಪ್ಪನ ಕಣ್ಣನ್ನೇ ನೋಡುತ್ತ ಓದಿ ಮುಗಿಸಿದಳು. ಕನಕರಾಜು ಅವಳನ್ನೇ ನೋಡುತ್ತ ಕೂತುಬಿಟ್ಟ.

"ಏನ್ಲಾ ಸುಮ್ಕೆ ಕುಂತೆ?" ಗೌಡರು ಚಪ್ಪಲಿ ಕಳಚಿದರು. "ಅರ್ಥ ಹೇಳು."

ಅವನು ಹೇಳತೊಡಗಿದ. ಗೌಡರು ಮಣೆ ಕೇಳಲಿಲ್ಲ. ಬಾಗಿಲ ಬಳಿಯ ಕಂಬಕ್ಕೆ ಒರಗಿ, ಮುಖ ಗಂಟಿಕ್ಕಿಕೊಂಡೇ ಕೂತರು. ಸಹನ ಪೀಠದ ಮರೆಯಲ್ಲಿ ಅವನ ಪೆನ್ನು ತೆಗೆದುಕೊಂಡು, ನಲವತ್ತೊಂದರ ಮುಂದೆ, ಕನ್ನಡ ಅಕ್ಷರದಲ್ಲೇ ಬರೆದಳು:

ನಾವಿಬ್ಬರೂ.