ಗಾಡಿಮನೆಯ ಸಂಬಂಧ

ಶಾಲಿನಿಯನ್ನು ನೋಡಲು ಬಂದ ಸುರೇಂದ್ರ ಅರ್ಧ ಗಂಟೆಯೊಳಗೆ ಅವಳ ಅಣ್ಣನಾಗಿಬಿಟ್ಟ.

ತೊಂಬತ್ತೆಂಟರ ಜನವರಿ. ಕಾಫಿ ಕೊಯ್ಲಿನ ನಡುವೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಹುಡುಗನ ಕಡೆಯವರು ಕಳಸದಿಂದ ಮೂಡಿಗೆರೆಗೆ ಬಂದಿದ್ದರು. ಶಾಲಿನಿ ಟ್ರೇ ಹಿಡಿದು ಬಗ್ಗಿದಾಗ ಎಲ್ಲರ ಕಣ್ಣೂ ಅವಳ ಮುಖದ ಮೇಲಿತ್ತು. ಸುರೇಂದ್ರ ಮಾತ್ರ ಅವಳ ನಡುಗುವ ಕೈ ನೋಡಿದ. ಕಪ್ಪು ತೆಗೆದುಕೊಳ್ಳುವ ನೆಪದಲ್ಲಿ ಟ್ರೇಯ ಅಂಚನ್ನು ಹಿಡಿದುಕೊಂಡ. ಅವಳ ಕೈ ನಿಂತ ಮೇಲೆ ತಲೆಯೆತ್ತಿ ನಕ್ಕ.

ಅಷ್ಟೇ. ಶಾಲಿನಿಗೆ ಅಷ್ಟು ಸಾಕಾಗಿತ್ತು.

ಆಗ ಅವಳ ಅಜ್ಜ ಶೇಷಪ್ಪ, ಎಂಬತ್ತು ದಾಟಿದವರು, ಹುಡುಗನ ತಂದೆಯನ್ನು ಕೇಳಿದರು: “ಮೂಲ ಕಳಸವೇನಾ?”

“ಅಲ್ಲ, ಬಾಳೂರು. ಅಲ್ಲಿ ನಮ್ಮನ್ನ ಗಾಡಿಮನೆಯವ್ರು ಅಂತಿದ್ರು.”

ಅಜ್ಜ ಕಪ್ಪು ಕೆಳಗಿಟ್ಟರು. “ಗಾಡಿ ಹೊಡೀತಿದ್ದ ಗುರುವಯ್ಯನ ಮೊಮ್ಮಗನಾ ನೀನು?”

“ಹೌದಲ್ಲ! ನಿಮಗೆ ಹೇಗೆ ಗೊತ್ತು?”

“ಅಯ್ಯೋ ಮಾರಾಯ! ನಿಮ್ಮಪ್ಪ ತೀರಿಕೊಂಡ ಸುದ್ದಿ ಬಂದಾಗ ನಾನಿಲ್ಲಿ ಸೂತಕ ಹಿಡಿದಿದ್ದೀನಿ. ನಿಮ್ಮ ಗುರುವಯ್ಯ ಸತ್ತಾಗ ನಮ್ಮಪ್ಪ ಮಾರಯ್ಯ ತಲೆ ಬೋಳಿಸಿಕೊಂಡು ಕೂತಿದ್ದನ್ನ ಈ ಕಣ್ಣಲ್ಲೇ ನೋಡಿದ್ದೀನಿ. ನಾವು ದಾಯಾದಿಗಳು!”

ಹುಡುಗನ ತಂದೆಯೂ ತಲೆಯ ಮೇಲೆ ಕೈಯಿಟ್ಟುಕೊಂಡರು. ಮೂಡಿಗೆರೆ ಕಡೆ ದಾಯಾದಿಗಳ ಮನೆಯೊಂದಿದೆ ಎಂದು ಅವರಪ್ಪ ಹೇಳುತ್ತಿದ್ದದ್ದು ಈಗ ನೆನಪಾಯಿತು. ಕೇಳಿದರೆ ಮನೆದೇವರೂ ಒಂದೇ. ಒಬ್ಬರ ಸೂತಕ ಇನ್ನೊಬ್ಬರು ಹಿಡಿಯುವ ಮನೆಗಳ ನಡುವೆ ಹೆಣ್ಣು ಕೊಡುವ ಮಾತೆಲ್ಲಿ? ದೊಡ್ಡ ತಪ್ಪೊಂದು ತಪ್ಪಿತೆಂದು ಹಿರಿಯರೆಲ್ಲ ನಿಟ್ಟುಸಿರಿಟ್ಟು, ಜೋರಾಗಿ ನಗತೊಡಗಿದರು.

“ಶಾಲೀ, ಅಣ್ಣನಿಗೆ ಇನ್ನೊಂದು ಕಡುಬು ಹಾಕು” ಎಂದರು ಅವಳಮ್ಮ ವಿಮಲಮ್ಮ.

ಸುರೇಂದ್ರ ತಟ್ಟೆಗೆ ಕೈ ಅಡ್ಡ ಹಿಡಿದು “ಬೇಡ” ಎಂದ. ಬೇಡವಾದದ್ದು ಕಡುಬೋ, ಅಣ್ಣನೆಂಬ ಪಟ್ಟವೋ, ಶಾಲಿನಿಗೆ ಮಾತ್ರ ಅರ್ಥವಾಯಿತು.

ಮುಂದಿನ ಶನಿವಾರ ಅವಳು ಪಾಠ ಮಾಡುವ ಕಾಲೇಜಿನ ಗೇಟಿನಲ್ಲಿ ಅವನು ನಿಂತಿದ್ದ.

“ನಮಸ್ಕಾರ ಮೇಡಂ.”

“ಬನ್ನಿ, ಅ...” ಅಣ್ಣ ಎನ್ನುವುದನ್ನು ಶಾಲಿನಿ ಅರ್ಧಕ್ಕೇ ನುಂಗಿದಳು.

“ಆ ಮಾತು ಆಡಿದ್ರೆ ಇದೇ ಬಸ್ಸಿಗೆ ವಾಪಸ್ ಹೋಗ್ತೀನಿ. ನೀವು ಹಿಸ್ಟರಿ ಲೆಕ್ಚರರ್ ಅಲ್ವಾ? ನಾನು ನಿಮ್ಮಣ್ಣ ಅಲ್ಲ ಅಂತ ಸಾಬೀತು ಮಾಡೋದು ಹೇಗೆ, ಹೇಳಿ.”

“ಹೌದು ಅಂತ ಸಾಬೀತಾದ್ರೆ?”

“ನಿಮ್ಮ ಮದುವೆಗೆ ನಾನೇ ನಿಂತು ಚಪ್ಪರ ಹಾಕಿಸ್ತೀನಿ. ಆದ್ರೆ ಗೊತ್ತಾಗದೇ ಹಾಕ್ಸಲ್ಲ.”

ಅವಳಿಗೆ ನಗು ಬಂತು, ಜೊತೆಗೇ ಹೆದರಿಕೆಯೂ. ಯುಗಾದಿ ಕಳೆದ ಮೇಲೆ ಹಾಸನದ ಕಡೆಯವರೊಬ್ಬರು ನೋಡಲು ಬರುವುದೆಂದು ಅಜ್ಜ ಆಗಲೇ ಮಾತು ಕೊಟ್ಟಿದ್ದರು.

“ನಿಮ್ಮ ಮುತ್ತಜ್ಜ, ನಮ್ಮ ಮುತ್ತಜ್ಜ ಇಬ್ಬರೂ ಬಾಡಿಗೆ ಗಾಡಿ ಹೊಡೀತಿದ್ದೋರು” ಎಂದಳು. “ಆಗ ಎತ್ತಿನ ಗಾಡಿಗೆ ತೆರಿಗೆ ಇತ್ತು, ಲೈಸೆನ್ಸೂ ಇತ್ತು. ಸರ್ಕಾರ ದುಡ್ಡು ತಗೊಂಡ ಕಡೆ ಕಾಗದ ಇದ್ದೇ ಇರುತ್ತೆ.”

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಮಲ್ಲಿಕಾರ್ಜುನಪ್ಪನವರು ಅರ್ಜಿ ನೋಡಿ, ಕನ್ನಡಕದ ಮೇಲಿಂದ ಇವರಿಬ್ಬರನ್ನೂ ನೋಡಿದರು.

“ನೀವಿಬ್ರೂ ಏನಾಗ್ಬೇಕು?”

“ಅದನ್ನೇ ಹುಡುಕೋಕೆ ಬಂದಿದ್ದೀವಿ ಸರ್” ಎಂದಳು ಶಾಲಿನಿ.

ಅವರು ಅರ್ಜಿಗೆ ಸಹಿ ಹಾಕಿದರು. ಬೆಂಚನ್ನು ತಾವೇ ಎಳೆದು ಕಿಟಕಿಯ ಬೆಳಕಿಗೆ ಹಾಕಿಕೊಟ್ಟರು.

ಶನಿವಾರಗಳು ಹಾಗೆ ಶುರುವಾದವು. ಕೆಂಪು ಬಟ್ಟೆಯ ಕಟ್ಟುಗಳನ್ನು ಸುರೇಂದ್ರ ಮೊದಲು ಹೊರಗೊಯ್ದು, ತನ್ನ ಟವೆಲಿನಲ್ಲೇ ಧೂಳು ಕೊಡವಿ, ಆಮೇಲೆ ಅವಳ ಮುಂದಿಡುತ್ತಿದ್ದ. ತೋಟದ ಕಿತ್ತಳೆ ತರುತ್ತಿದ್ದ. ಸುಲಿದು, ನಾರು ತೆಗೆದು, ಅರ್ಧವನ್ನು ಮಾತಿಲ್ಲದೆ ಅವಳ ಕಡೆ ಸರಿಸುತ್ತಿದ್ದ.

“ಕಡತದ ಮೇಲೆ ರಸ ಬಿದ್ರೆ ನನ್ನ ಪೆನ್ಶನ್ ಹೋಗುತ್ತೆ” ಎಂದು ಗದರುತ್ತಲೇ ಮಲ್ಲಿಕಾರ್ಜುನಪ್ಪನವರು ತಾವೂ ಎರಡು ತೊಳೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಶಾಲಿನಿ ಓದುವಾಗ ಅವನು ಕಾಗದ ನೋಡುತ್ತಿರಲಿಲ್ಲ.

“ಅಕ್ಷರ ಇರೋದು ಇಲ್ಲಿ” ಎಂದು ಅವಳು ಪುಟ ತಟ್ಟಿದಳು.

“ನನಗೆ ಆ ಹಳೇ ಕಾಲದ ಮೋಡಿ ಬರಹ ಓದೋಕೆ ಬರಲ್ಲ. ನಿಮ್ಮ ಹುಬ್ಬು ಓದೋಕೆ ಬರುತ್ತೆ. ಒಳ್ಳೇದು ಸಿಕ್ಕಿದ್ರೆ ಮೇಲೆ ಹೋಗುತ್ತೆ.”

ಒಂದು ದಿನ ಅದೇ ಹುಬ್ಬು ಗಂಟಾಯಿತು. ಇಪ್ಪತ್ತರ ದಶಕದ ಗಾಡಿ ತೆರಿಗೆಯ ಪುಸ್ತಕದಲ್ಲಿ ಎರಡೂ ಹೆಸರು ಒಂದರ ಕೆಳಗೊಂದು ಇದ್ದವು: ಮಾರಯ್ಯ, ಗಾಡಿಮನೆ, ಬಾಳೂರು. ಗುರುವಯ್ಯ, ಗಾಡಿಮನೆ, ಬಾಳೂರು.

ಒಂದೇ ಮನೆ.

ಸುರೇಂದ್ರ ಕೈಯಲ್ಲಿದ್ದ ಕಿತ್ತಳೆಯನ್ನು ಸುಲಿಯದೆ ಬೆಂಚಿನ ಮೇಲಿಟ್ಟ. “ಚಪ್ಪರಕ್ಕೆ ಎಷ್ಟು ಗಳ ಬೇಕು, ಹೇಳಿಬಿಡಿ” ಎಂದ. ನಗಲು ನೋಡಿದ, ಆಗಲಿಲ್ಲ.

ಆ ಮುಖ ನೋಡಿ ಶಾಲಿನಿಗೆ ಎಲ್ಲಿಲ್ಲದ ಸಿಟ್ಟು ಬಂತು. “ವಿಳಾಸ ಒಂದೇ ಆದ ಮಾತ್ರಕ್ಕೆ ಅಣ್ಣತಮ್ಮ ಆಗಿಬಿಡ್ತಾರಾ? ನಮ್ಮ ಹಾಸ್ಟೆಲಿನ ಹುಡುಗೀರಿಗೆಲ್ಲ ಒಂದೇ ವಿಳಾಸ ಇತ್ತು! ಇದು ತೆರಿಗೆ ಪುಸ್ತಕ, ಇದರಲ್ಲಿ ಅಪ್ಪನ ಹೆಸರಿಲ್ಲ. ಲೈಸೆನ್ಸ್ ಅರ್ಜೀಲಿ ಇರುತ್ತೆ. ಏಳಿ, ಇನ್ನೊಂದು ಕಟ್ಟು ಬಿಚ್ಚಿ!”

ಅವನು ಬೆರಗಿನಿಂದ ಅವಳನ್ನೇ ನೋಡಿದ. “ನಿಮಗೂ ಇಷ್ಟೊಂದು ಬೇಕಾಗಿದೆ ಅಂತ ಗೊತ್ತಿರಲಿಲ್ಲ.”

ಶಾಲಿನಿಯ ಕಿವಿ ಬಿಸಿಯಾಯಿತು. “ಧೂಳು ಹೊಡೀರಿ ಮೊದಲು” ಎಂದಳು.

ಲೈಸೆನ್ಸಿನ ಅರ್ಜಿಗಳು ಸಿಕ್ಕಿದ್ದು ಯುಗಾದಿಗೆ ಸ್ವಲ್ಪ ಮೊದಲು. ಮಾರಯ್ಯ ಬಿನ್ ರಂಗಯ್ಯ, ಮೂಲ ಬೇಲೂರು ಕಡೆಯ ಹಳ್ಳಿ. ಗುರುವಯ್ಯ ಬಿನ್ ನಾಗಯ್ಯ, ಮೂಲ ಕೊಪ್ಪದ ಕಡೆಯ ಹಳ್ಳಿ. ಅಪ್ಪಂದಿರೂ ಬೇರೆ, ಊರೂ ಬೇರೆ. ಸುರೇಂದ್ರ ಬೈಕಿನಲ್ಲಿ ಎರಡು ಊರಿಗೂ ಹೋದ. ಕೊಪ್ಪದ ಕಡೆ ನಾಗಯ್ಯನ ಮನೆತನದವರು ಇನ್ನೂ ಇದ್ದರು. ಗಾಡಿ ಕಟ್ಟಿಕೊಂಡು ಹೋದ ಗುರುವಯ್ಯ ಮರಳಿ ಬರಲಿಲ್ಲ ಎಂಬ ಕಥೆ ಅವರಲ್ಲಿ ಉಳಿದಿತ್ತು. ಅವರ ಮನೆದೇವರು ಬೇರೆ, ಕುಲದ ಬಳಿಯೂ ಬೇರೆ.

ಹಾಗಾದರೆ ಮಾರಯ್ಯ ತಲೆ ಬೋಳಿಸಿಕೊಂಡದ್ದು ಯಾಕೆ? ಅದಕ್ಕೂ ಅದೇ ಕಟ್ಟಿನಲ್ಲಿ ಉತ್ತರ ಸಿಕ್ಕಿತು. ಅದನ್ನು ಓದಿ ಮುಗಿಸಿದಾಗ ಶಾಲಿನಿಯ ಕಣ್ಣು ತುಂಬಿತ್ತು. ಮಲ್ಲಿಕಾರ್ಜುನಪ್ಪನವರು ನಕಲು ಪ್ರತಿಗೆ ಮೊಹರು ಒತ್ತಿಕೊಟ್ಟರು.

ಮರುದಿನ ಇಬ್ಬರೂ ಅಜ್ಜನ ಮುಂದೆ ಕೂತರು. ಶಾಲಿನಿ ಓದಿದಳು. ಅಜ್ಜ ಕಣ್ಣು ಮುಚ್ಚಿ ಕೇಳಿದರು.

“ಅಪ್ಪಂದಿರು ಬೇರೆ ಅಂತ ಒಪ್ಪಿದೆ” ಎಂದರು ಕೊನೆಗೆ. “ಆದ್ರೆ ಸೂತಕ ಹಿಡಿದ ಮೇಲೆ ಅಣ್ಣತಮ್ಮಂದಿರೇ ಆದ್ವಲ್ಲ ಮಗಾ. ಈಗ ಅಲ್ಲ ಅಂದ್ರೆ ನಮ್ಮಪ್ಪ ಸುಳ್ಳು ಮಾಡಿದ ಹಾಗಾಗಲ್ವಾ? ಅದು ನನ್ನಿಂದಾಗಲ್ಲ.”

ಸುರೇಂದ್ರನ ಮುಖ ಬಾಡಿತು. ಶಾಲಿನಿ ಎರಡನೆಯ ಕಾಗದ ತೆಗೆದಳು.

“ಇದನ್ನೂ ಕೇಳಿ ಅಜ್ಜ. ಗುರುವಯ್ಯ ಮಂಗಳೂರಿಗೆ ಕಾಫಿ ಇಳಿಸಿ ಬರುವಾಗ ಚಾರ್ಮಾಡಿ ಘಾಟಿಯಲ್ಲಿ ಜ್ವರ ಬಂದು ತೀರಿಕೊಂಡ. ಮಗ ಇನ್ನೂ ಹಾಲು ಕುಡಿಯೋ ಕೂಸು. ಕಾರ್ಯ ಮಾಡೋರು ಯಾರೂ ಇಲ್ಲ. ಜೊತೇಲಿ ಗಾಡಿ ಹೊಡೀತಾ ಒಂದೇ ಮನೇಲಿದ್ದ ಮಾರಯ್ಯಜ್ಜನೇ ಮಾಡಿದ್ದಾನೆ. ಆ ಕೂಸು ಅವನ ಕಣ್ಣೆದುರೇ ಬೆಳೀತು. ಅವನ ಮನೆದೇವರಿಗೇ ಕೈ ಮುಗೀತು.”

“ಅದಕ್ಕೇ ಹೇಳಿದ್ದು, ತಮ್ಮನೇ ಆದ ಅಂತ.”

“ಇಲ್ಲ. ಗಾಡಿ ಮಾಲೀಕ ಸತ್ತು ಮಗ ಚಿಕ್ಕವನಾಗಿದ್ರೆ ಗಂಡು ದಾಯಾದಿಗೆ ಲೈಸೆನ್ಸ್ ಬರ್ತಿತ್ತು ಅಂತ ಫಾರ್ಮಿನ ಕೆಳಗೇ ಅಚ್ಚಾಗಿದೆ. ಮಾರಯ್ಯಜ್ಜ ‘ತಮ್ಮ’ ಅಂತ ಒಂದು ಮಾತು ಬರೆಸಿದ್ರೆ ಗಾಡಿ, ಎತ್ತು ಎಲ್ಲ ಅವನದ್ದಾಗ್ತಿತ್ತು. ಅವನು ಬರೆಸಿದ್ದೇನು ಗೊತ್ತಾ?”

ಅವಳ ದನಿ ನಡುಗಿತು. ಸುರೇಂದ್ರ ಮೆಲ್ಲಗೆ ಕಾಗದದ ಅಂಚನ್ನು ಹಿಡಿದುಕೊಂಡ.

“‘ಲೈಸೆನ್ಸುದಾರಳು ಯಲ್ಲಮ್ಮ ಕೋಂ ಗುರುವಯ್ಯ. ತೆರಿಗೆ ಕಟ್ಟಿದವನು ಮಾರಯ್ಯ. ಸಂಬಂಧ: ಸಂಬಂಧಿಕನಲ್ಲ, ಗಾಡಿ ಜೊತೆಗಾರ.’ ಆ ಮಗ ದೊಡ್ಡವನಾಗೋ ತನಕ ವರ್ಷಾ ವರ್ಷಾ ಹೀಗೇ ಬರೆಸಿದ್ದಾನೆ ಅಜ್ಜ. ಗಾಡಿ ಆ ತಾಯೀದೇ ಆಗಿರಲಿ ಅಂತ.”

ಅಜ್ಜ ಕಾಗದ ಇಸಿದುಕೊಂಡು ಅಪ್ಪನ ಹೆಸರಿನ ಮೇಲೆ ಬೆರಳಾಡಿಸಿದರು. ವಿಮಲಮ್ಮ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತರು.

“ಆಸ್ತಿ ಸಿಗೋ ಕಡೆ ಸಂಬಂಧ ಇಲ್ಲ ಅಂದ” ಎಂದರು ಅಜ್ಜ ನಿಧಾನವಾಗಿ. “ಅಳೋ ಕಡೆ ಮಾತ್ರ ಸಂಬಂಧ ಇದೆ ಅಂದ. ನಮ್ಮಪ್ಪ!” ಬಗ್ಗಿದ ಬೆನ್ನು ನೆಟ್ಟಗಾಯಿತು. “ರಕ್ತ ಅಂತ ತಿಳಿದು ನಾನು ಸೂತಕ ಹಿಡಿದೆ ಮಗಾ. ಅವನು ಬರೀ ಸ್ನೇಹಕ್ಕೆ ಹಿಡಿದಿದ್ದ. ಅವನೇ ನಿಜ ಬರೆಸಿದ ಮೇಲೆ ಅದನ್ನ ಸುಳ್ಳು ಅನ್ನೋಕೆ ನಾನ್ಯಾರು?”

ಆಮೇಲೆ ಸುರೇಂದ್ರನ ಕಡೆ ತಿರುಗಿದರು. “ನೀನೇನು ಮಾರಾಯ, ಕಾಗದ ತೋರಿಸೋಕೆ ಬಂದ್ಯೋ, ಹುಡುಗೀನ ಕೇಳೋಕೆ ಬಂದ್ಯೋ?”

“ಕೇಳೋಕೆ ಅಜ್ಜ.”

“ಮತ್ತೆ ಕೇಳು!”

ಸುರೇಂದ್ರ ಅಜ್ಜನನ್ನು ಕೇಳಲಿಲ್ಲ. ಎದ್ದು ಶಾಲಿನಿಯ ಎದುರು ನಿಂತ. ಇಷ್ಟು ತಿಂಗಳ ತಮಾಷೆಯೆಲ್ಲ ಆ ಮುಖದಿಂದ ಮಾಯವಾಗಿತ್ತು.

“ಮೊದಲ ದಿನದಿಂದ ನನಗೆ ನೀವೇ. ನಿಮಗೆ?”

“ನನಗೆ ಅದಕ್ಕಿಂತ ಐದು ನಿಮಿಷ ಮೊದಲಿಂದ” ಎಂದಳು ಶಾಲಿನಿ. “ನೀವು ಜೀಪಿಂದ ಇಳಿದು, ನಿಮ್ಮಮ್ಮನಿಗೆ ಕೈ ಕೊಟ್ಟು ಇಳಿಸಿದ್ದನ್ನ ಕಿಟಕೀಲಿ ನೋಡ್ತಿದ್ದೆ.”

ವಿಮಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕರು. ಅಜ್ಜ ಆಗಲೇ ಕೋಟಿಗೆ ತೋಳು ತೂರಿಸುತ್ತಿದ್ದರು. “ಹಾಸನದವರಿಗೆ ಇವತ್ತೇ ಫೋನ್ ಮಾಡಿ ಬೇಡ ಅನ್ನು ವಿಮಲಾ. ಕಳಸಕ್ಕೆ ನಾನೇ ಹೋಗಿ ಮಾತಾಡ್ತೀನಿ. ಹೊರಡಿ!”

ಬಾಡಿಗೆ ಜೀಪಿನ ಮುಂದಿನ ಸೀಟಿನಲ್ಲಿ, ಡ್ರೈವರನ ಪಕ್ಕ, ಅಜ್ಜನೇ ಕೂತರು. ಕೊಟ್ಟಿಗೆಹಾರಕ್ಕೆ ಬಂದಾಗ ನಿಲ್ಲಿಸಲು ಹೇಳಿ ಇಳಿದರು. ಚಾರ್ಮಾಡಿಯ ಕಡೆ ಇಳಿಯುವ ರಸ್ತೆಗೆ ಮುಖ ಮಾಡಿ ಕೈ ಮುಗಿದು ನಿಂತರು. ಆಮೇಲೆ ಹೋಟೆಲಿನ ಕಡೆ ತಿರುಗಿ, ಎಂಬತ್ತು ದಾಟಿದ ದನಿಯೆಂದು ಯಾರೂ ನಂಬದಷ್ಟು ಜೋರಾಗಿ ಕೂಗಿದರು:

“ಇಲ್ಲಿರೋ ಎಲ್ಲರಿಗೂ ಕಾಫಿ ಕೊಡಪ್ಪ! ಮಾರಯ್ಯನ ಮರಿಮಗಳನ್ನ ಗುರುವಯ್ಯನ ಮರಿಮಗನಿಗೆ ಕೊಡ್ತಾ ಇದ್ದೀವಿ!”

ಯಾವ ಮಾರಯ್ಯ, ಯಾವ ಗುರುವಯ್ಯ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಲಾರಿ ಡ್ರೈವರುಗಳು, ಕೂಲಿಯ ಹೆಂಗಸರು, ಬಸ್ಸಿಗೆ ಕಾದವರು ಎಲ್ಲರೂ ಲೋಟ ಎತ್ತಿ ಹರಸಿದರು. ಜೀಪಿನ ಹಿಂದಿನ ಸೀಟಿನಲ್ಲಿ, ಇಡೀ ಕೊಟ್ಟಿಗೆಹಾರದ ಎದುರಿಗೇ, ಶಾಲಿನಿ ಸುರೇಂದ್ರನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.