ಗೀಸರಿನ ತಣ್ಣೀರು

“ನಾಗಾರ್ಜುನ, ಸ್ವಲ್ಪ ಕೆಳಗೆ ಬರ್ತೀರಾ?”

ಕೂಗಿದವಳು ಫ್ರೀಡಾ. ಊರಿಂದ ಬಂದು ಇನ್ನೂ ಸೂಟ್‌ಕೇಸ್ ಬಿಚ್ಚಿರಲಿಲ್ಲ. ಕೈಯಲ್ಲಿ ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದ ಒಂದು ಎಲೆ. ಕತಾರಿನ ಐನ್ ಖಾಲಿದ್‌ನ ಆ ವಿಲ್ಲಾದಲ್ಲಿ ಕೆಳಗಿನ ಮನೆ ಅವಳದು, ಮೇಲಿನದು ಅವನದು. ನಡುವೆ ಒಂದು ಹೊರಮೆಟ್ಟಿಲು. ಅದರ ಬುಡದಲ್ಲಿ, ಗೋಡೆಯ ನೆರಳಿಗೆ, ಅವಳ ಪುಟ್ಟ ಕೈತೋಟ.

ನಾಗಾರ್ಜುನ ತಲೆ ಒರೆಸಿಕೊಳ್ಳುತ್ತ ಇಳಿದು ಬಂದ. ಮುಖ, ಕತ್ತು ಎಲ್ಲ ಕೆಂಪು. ಅವನ ಫ್ಯಾಕ್ಟರಿಯಿರುವ ಮೆಸಯೀದ್‌ನ ಬಿಸಿಲು ಎಂದುಕೊಂಡಳು.

“ಏನ್ರೀ, ಬೆಂಕಿ ಬಿತ್ತಾ?”

“ಬೆಂಕಿ ಅಲ್ಲ, ನೀರು! ನಾನಿಲ್ಲದಾಗ ಮಧ್ಯಾಹ್ನದ ಮೇಲೆ ಪೈಪ್ ಹಿಡಿದ್ರಾ ಗಿಡಕ್ಕೆ?”

ಅವನು ಎಲೆಯನ್ನು ನೋಡಿದ. “ನೀವು ಹೋದ ಮೊದಲನೇ ದಿನ... ಹೌದು.”

“ತಾರಸಿಯ ಟ್ಯಾಂಕ್ ಇಡೀ ದಿನ ಕುದೀತದೆ ಮಾರಾಯ್ರೆ! ಏಳು ವರ್ಷ ಕತಾರಲ್ಲಿದ್ದು ಅಷ್ಟೂ ಗೊತ್ತಿಲ್ವಾ?”

“ಆರು ವರ್ಷ ಕಂಪನಿ ಕ್ವಾರ್ಟರ್ಸಲ್ಲಿದ್ದೆ. ಅಲ್ಲಿ ಪ್ಲಾಂಟ್ ಅಂದ್ರೆ ಫ್ಯಾಕ್ಟರಿ. ನೀರು ಹಾಕಿದ್ರೆ ಸಸ್ಪೆಂಡ್ ಮಾಡ್ತಾರೆ.” ಕೈ ಮುಗಿದ. “ಮಾಫಿ.”

“ಮಾಫಿ!” ಎಂದಳು ಅವಳೂ. ಅವನದು ಹಿಂದಿ, ಕ್ಷಮೆ. ಅವಳದು ಅರಬಿ, ಇಲ್ಲ.

ಬಾಗಿಲು ಹಾಕಿಕೊಂಡ ಮೇಲೆ ಅವಳಿಗೇ ಕಸಿವಿಸಿಯಾಯಿತು. ಅದು ಬರೀ ಗಿಡದ ಸಿಟ್ಟಾಗಿರಲಿಲ್ಲ.

ಆ ಗಿಡ, ಡೆಲ್ಫಿನಿಯಂ, ತಂಪು ಸೀಮೆಯದು. ಅಲ್ಲಿ ಚಳಿಗೆ ನೆಲದಡಿ ಮಲಗಿ, ವರ್ಷವರ್ಷವೂ ಅದೇ ಬೇರಿನಿಂದ ಎದ್ದು ಆಳೆತ್ತರದ ನೀಲಿ ಗೊಂಚಲು ಬಿಡುತ್ತದಂತೆ. ಮರಳುನಾಡಿನಲ್ಲಿ ಅದಕ್ಕೆ ಸುಳ್ಳು ಹೇಳಬೇಕು. ಫ್ರೀಡಾ ಬೀಜಗಳನ್ನು ಎರಡು ವಾರ ಫ್ರಿಜ್ಜಿನಲ್ಲಿಟ್ಟು, ಚಳಿಗಾಲ ಮುಗಿಯಿತೆಂದು ನಂಬಿಸಿ ಬಿತ್ತಿದ್ದಳು. ಬುಡದ ಏಳು ಚಿಗುರಿನಲ್ಲಿ ಗಟ್ಟಿಯಾದ ಮೂರನ್ನು ಉಳಿಸಿದ್ದಳು. ಟೊಳ್ಳು ಕಾಂಡ, ಗಾಳಿಗೆ ಮುರಿಯದಂತೆ ಕೋಲು ಕೊಟ್ಟು, ಉಸಿರಾಡುವಷ್ಟು ಸಡಿಲವಾಗಿ ಕಟ್ಟಬೇಕು.

ಕೋಲು ಹಿಡಿಯುವ ಕೆಲಸ ನಾಗಾರ್ಜುನನದು. ಹಿಡಿದು ಸುಮ್ಮನಿರುವ ಆಸಾಮಿಯಲ್ಲ. ವಾಚ್‌ಮನ್ ಜಲೀಲನ ಗೊಗ್ಗರು ಹಿಂದಿಯನ್ನು ಅಣಕಿಸುತ್ತ ಗಿಡದ ಬಳಿ ಬಾಡಿಗೆ ಕೇಳುವನು. ಅವಳ ಕ್ಲಿನಿಕ್ಕಿನ ಮೈಕಿನಂತೆ “ಟೋಕನ್ ನಂಬರ್ ನಲವತ್ತು, ಡೆಲ್ಫಿನಮ್ಮ” ಎಂದು ಮೂಗಿನಲ್ಲಿ ಕರೆಯುವನು. ಅವಳು ನಕ್ಕರೆ ಗಂಟು ಸಡಿಲ. ಮತ್ತೆ ಕಟ್ಟುವಾಗ ಎಲೆಗಳ ನಡುವಿನಿಂದ ಅವನು ನೋಡುತ್ತಿದ್ದುದು ಗಂಟನ್ನಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಗಂಟನ್ನು ನಿಧಾನವಾಗಿ ಹಾಕುತ್ತಿದ್ದಳು.

ಆದರೆ ಮಾತು ಅಲ್ಲೇ ನಿಂತಿತ್ತು. ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಇಂಟರ್‌ವ್ಯೂ ಇದೆ ಎಂದು ಅವಳು ಹೇಳಿದಾಗಲೂ ಅವನು ವಿಮಾನದ ಪೈಲಟ್ ದನಿಯಲ್ಲಿ ಶುಭಪ್ರಯಾಣ ಕೋರಿದ್ದನಷ್ಟೇ. ಹತ್ತು ದಿನದ ರಜೆಯಲ್ಲಿ ಅಲ್ಲಿ ಕೆಲಸ ಸಿಕ್ಕಿತ್ತು; ಅದನ್ನು ಅವನಿಗೆ ಮೆಸೇಜಿನಲ್ಲಿ ತಿಳಿಸಿಯೂ ಇದ್ದಳು. ಶಿರ್ವದ ಅಣ್ಣ ಗ್ಯಾವಿನ್ “ಬಾ, ಸಾಕು ಆ ದೇಶ” ಎಂದಿದ್ದ. ಇಲ್ಲಿಯ ಕಾಂಟ್ರಾಕ್ಟ್ ಮುಂದುವರಿಸುವಳೋ ಇಲ್ಲವೋ, ಎಚ್‌ಆರ್‌ನ ಪ್ಯಾಟ್ರಿಷಿಯಾಗೆ ನಾಳೆ, ಗುರುವಾರ, ಹೇಳಬೇಕು. ಇಲ್ಲ ಎನ್ನಲು ಎಲ್ಲವೂ ಸರಿಯಾಗಿತ್ತು. ಇರು ಎಂದವರು ಯಾರೂ ಇರಲಿಲ್ಲ.

ಮರುದಿನ ಊರಿನ ಗಡಿಯಾರದಲ್ಲೇ ಎಚ್ಚರವಾಯಿತು. ಇಲ್ಲಿ ಇನ್ನೂ ನಾಲ್ಕೂವರೆ. ಹೊರಗೆ ಬಕೆಟ್ ಸದ್ದು. ಜೊತೆಗೆ ಅವಳದೇ ದನಿ!

“ಎಂತ ಮಾರಾಯ್ರೆ ಡೆಲ್ಫಿನಮ್ಮ, ನಿನ್ನೆ ಬಂದವಳು ನಾಳೆ ಹೋಗ್ತಾಳಂತೆ. ನೀನಾದ್ರೂ ಕೇಳಬಾರದಾ?”

ಬಾಗಿಲು ತೆರೆದಳು. ಎರಡು ಬಕೆಟ್ ನಡುವೆ ಕುಕ್ಕರುಗಾಲಲ್ಲಿ ಕೂತ ನಾಗಾರ್ಜುನ, ಮಗ್ಗಿನಿಂದ ಬುಡಕ್ಕೆ ನೀರೆರೆಯುತ್ತಿದ್ದ. ಅವಳು ಬಕೆಟ್ಟಿಗೆ ಬೆರಳದ್ದಿದಳು. ತಣ್ಣಗಿತ್ತು.

“ಇದು ಎಲ್ಲಿಂದ?”

“ಗೀಸರಿಂದ.”

ಏಪ್ರಿಲ್ ಬಂತೆಂದರೆ ಇಲ್ಲಿ ಎಲ್ಲರೂ ಗೀಸರ್ ಆರಿಸಿಬಿಡುತ್ತಾರೆ. ಎಸಿ ಮನೆಯೊಳಗೆ ಅದರಲ್ಲಿ ನಿಂತ ನೀರು ತಂಪಾಗುತ್ತದೆ. ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು, ತಣ್ಣೀರಿನದರಲ್ಲಿ ಕುದಿನೀರು. ದುಡಿದು ಬಂದವರ ಸಂಜೆಯ ಸ್ನಾನಕ್ಕೆ ಇರುವುದು ಅದೊಂದೇ ತಂಪು.

“ಮತ್ತೆ ನಿಮ್ಮ ಸ್ನಾನ?”

“ಟ್ಯಾಂಕ್ ನೀರು. ನಿಮ್ಮ ಕಡೆ ಸೀಗಡಿ ಬೇಯಿಸ್ತಾರಲ್ಲ, ಹಂಗೆ.”

ಆ ಕೆಂಪು ಬಿಸಿಲಿನದಲ್ಲ. ಒಂಬತ್ತು ದಿನ. ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ.

“ನಿನ್ನೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ಥ್ಯಾಂಕ್ಸ್ ಅಂತಿದ್ರಿ. ಥ್ಯಾಂಕ್ಸ್ ತಗೊಂಡು ನಾನೇನ್ರೀ ಮಾಡ್ಲಿ?”

ಗಿಡದ ಕೆಳಗಿನ ಎಲೆಗಳು ಕರಟಿದ್ದವು, ನಿಜ. ಆದರೆ ಅವಳ ಭುಜದ ಎತ್ತರದಲ್ಲಿದ್ದ ಗೊಂಚಲಿನಲ್ಲಿ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೊಗ್ಗು ಬಿರಿಯತೊಡಗಿತ್ತು.

“ಇವತ್ತು ಪ್ಯಾಟ್ರಿಷಿಯಾಗೆ ಹೇಳಬೇಕು,” ಎಂದಳು.

ಅವನು ಗಂಟಲು ಸರಿಮಾಡಿಕೊಂಡು ಮೂಗೇರಿಸಿದ. “ಡಿಯರ್ ಫ್ರೀಡಾ, ಪ್ಲೀಸ್ ಕನ್ಫರ್ಮ್...”

“ಸಾಕು. ಪ್ಯಾಟ್ರಿಷಿಯಾ ಎಂತ ಹೇಳ್ತಾಳೆ ಅಂತ ನಂಗೆ ಗೊತ್ತುಂಟು. ನಾಗಾರ್ಜುನ ಎಂತ ಹೇಳ್ತಾರೆ?”

ಮಗ್ಗು ನೆಲಕ್ಕಿಟ್ಟ. ಇಷ್ಟು ಜನರ ದನಿ ಬಲ್ಲವನು ತನ್ನದನ್ನು ಹುಡುಕಲು ಬಹಳ ಹೊತ್ತು ತೆಗೆದುಕೊಂಡ.

“ಇರಿ.”

“ಎಷ್ಟು ಸಮಯ? ಕಾಂಟ್ರಾಕ್ಟ್ ಎರಡು ವರ್ಷದ್ದು.”

“ಇದಕ್ಕೆ ರಿನ್ಯೂವಲ್ ಇಲ್ಲ ಕಣ್ರೀ. ಸೈನ್ ಒಂದೇ ಸಲ.”

ಅವಳು ಮೆಟ್ಟಿಲ ಮೇಲೆ ಕೂತಳು. “ಶುಕ್ರವಾರ ಅಬು ಹಮೂರಿನ ಚರ್ಚಿನ ಪೂಜೆಗೆ ಹೋಗುವವಳು ನಾನು. ಮೈಸೂರಿನ ನಿಮ್ಮ ಅಮ್ಮ ಎಂತ ಹೇಳಿಯಾರು?”

“ಚರ್ಚಿಗೆ ನಾನೇ ಡ್ರಾಪ್ ಮಾಡ್ತೀನಿ. ಅಮ್ಮ ಅಳ್ತಾಳೆ. ಅತ್ತು ಮುಗಿದ್ಮೇಲೆ ನಿಮ್ಮ ಫೋಟೊ ಕೇಳ್ತಾಳೆ.”

“ಗ್ಯಾವಿನ್ ಅಳುವವ ಅಲ್ಲ. ಮಾತು ಬಿಡುವವ.”

ಅಣ್ಣನ ಮೌನ ಎಷ್ಟು ತಿಂಗಳಿನದಾದೀತು ಎಂದು ಯೋಚಿಸಿದಳು. ವರ್ಷವೂ ಆಗಬಹುದು. ನೋವಾಗುತ್ತದೆ. ಆದರೂ ಫೋನ್ ತೆಗೆದು ಪ್ಯಾಟ್ರಿಷಿಯಾಗೆ ಒಂದು ಸಾಲು ಬರೆದಳು: ನಾನು ಮುಂದುವರಿಯುತ್ತೇನೆ. ಕಳಿಸಿದ ಮೇಲೆ ಪರದೆಯನ್ನು ಅವನತ್ತ ತಿರುಗಿಸಿದಳು. ಅವನು ಎರಡು ಸಲ ಓದಿದ.

ಗೇಟಿನಾಚೆ ಕಂಪನಿ ಬಸ್ಸಿನ ಹಾರನ್. ಡ್ರೈವರ್ ನಿಯಾಝ್ ಅರಬಿಯಲ್ಲಿ ಅವಸರಪಡಿಸಿದ, “ಯಲ್ಲಾ, ಯಲ್ಲಾ!”

ನಾಗಾರ್ಜುನ ಬ್ಯಾಗ್ ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ.

“ಹೋಗಿ ಬರ್ತೀನಿ.”

ಅವಳು ಕತಾರಿಗೆ ಬಂದ ಎಂಟು ವರ್ಷದಲ್ಲಿ ಅವಳ ಬಾಗಿಲಲ್ಲಿ ಹಾಗೆಂದು ಹೇಳಿ ಹೊರಟವರು ಯಾರೂ ಇರಲಿಲ್ಲ.

“ಬೇಗ ಬನ್ನಿ,” ಎಂದಳು ಫ್ರೀಡಾ.