ಎರಡು ಗೆಣ್ಣಿನ ಮೋಟುಗಳು

ದರ್ಜಿಯ ಬಳಿ ತೀರಿಹೋದ ಹೆಂಡತಿಯ ಒಂದು ಫೋಟೊ ಕೂಡ ಇರಲಿಲ್ಲ. ಇದ್ದದ್ದು ಅವಳು ಮೀನಿನ ತೊಟ್ಟಿಯಲ್ಲಿ ನೆಟ್ಟಿದ್ದ ಕೆಂಪು ಗಿಡಗಳು. ಈಗ ಅವೂ ಕಳುವಾಗಿದ್ದವು.

"ಇಪ್ಪತ್ತು ಕಡ್ಡಿ, ಮೇಡಂ. ಹತ್ತು ತಿಂಗಳಿಂದ ಒಂದೆಲೆ ಮುಟ್ಟಿಲ್ಲ ನಾನು. ಅವಳ ಕೈ ತಾಗಿದ್ದು."

ನೀರುಗಿಡಕ್ಕೂ ಒಂದು ದೂರೇ ಎಂದು ನಗುತ್ತ ಬಂದಿದ್ದ ಇನ್ಸ್‌ಪೆಕ್ಟರಮ್ಮ ನಗು ನುಂಗಿಕೊಂಡಳು. ಬೀಗ ಒಡೆದಿರಲಿಲ್ಲ. ತೊಟ್ಟಿಯ ಮರಳಲ್ಲಿ ಎರಡೆರಡು ಗೆಣ್ಣಿನ ಮೋಟುಗಳಷ್ಟೇ ನಿಂತಿದ್ದವು. ಹೊಲಿಗೆ ಯಂತ್ರದ ಪಕ್ಕ ಮೊಳೆಗೆ ಹೆಂಡತಿಯ ಕತ್ತರಿ ತೂಗುಬಿದ್ದಿತ್ತು. ಮುಟ್ಟಿದರೆ ಬೆರಳಿಗೆ ಎಣ್ಣೆ ಅಂಟಿತು.

"ಎಣ್ಣೆ ಹಾಕಿದ್ದು ಯಾವಾಗ?"

"ಅವಳು ಹೋದಮೇಲೆ ಅದನ್ನೂ ಮುಟ್ಟಿಲ್ಲ."

"ಅನುಮಾನ?"

"ಅಕ್ವೇರಿಯಂ ಅಂಗಡಿಯವನು. ಮೂರು ಸಲ ಗಿಡ ಕೇಳಿದ್ದ."

* * *

"ಕೇಳಿದವನೆಲ್ಲ ಕಳ್ಳನಾ?" ಅಂಗಡಿಯವನು ರೇಗಿದ. "ನಾನಾಗಿದ್ರೆ ಬೇರು ಸಮೇತ ಕೀಳ್ತಿದ್ದೆ. ಗೆಣ್ಣು ಬಿಟ್ಟು ಕತ್ತರಿಸೋದು ಬುಡ ಮತ್ತೆ ಚಿಗುರ್ಲಿ ಅಂತ. ಕಳ್ಳನಿಗ್ಯಾಕೆ ಆ ಉಸಾಬರಿ? ತುದಿ ಮೇಲೆ ಹರಡಿ ಬುಡಕ್ಕೆ ಬೆಳಕಿರ್ಲಿಲ್ಲ. ತುದಿ ಕತ್ತರಿಸಿ, ಇಲ್ಲಾಂದ್ರೆ ಬುಡ ಕೊಳೆಯತ್ತೆ ಅಂದ್ರೆ ಆ ಪುಣ್ಯಾತ್ಮ ನನ್ ಮೇಲೇ ಎಗರಿದ."

ಮಾತಿನಲ್ಲಿ ಹುರುಳಿತ್ತು. ದರ್ಜಿಯ ಮನೆಯ ಇನ್ನೊಂದು ಬೀಗದ ಕೈ ಯಾರ ಬಳಿ ಇದೆ ಎಂದು ಇನ್ಸ್‌ಪೆಕ್ಟರಮ್ಮ ವಿಚಾರಿಸಿದಳು. ಹೆಂಡತಿಯ ತಂಗಿಯ ಬಳಿ ಇತ್ತು.

* * *

ತಂಗಿಯ ಬಾಡಿಗೆ ಕೋಣೆಯ ಕಿಟಕಿಯಲ್ಲಿ ನಾಲ್ಕು ಬಾಟಲಿ. ಒಳಗೆ ಕೆಂಪು ಎಲೆ.

"ನೀನಾ?" ಜೊತೆಗೆ ಬಂದಿದ್ದ ದರ್ಜಿ ಬಾಗಿಲಲ್ಲೇ ನಿಂತ.

"ಇವಳೇ," ಎಂದಳು ಇನ್ಸ್‌ಪೆಕ್ಟರಮ್ಮ. "ಕೀಲಿ ಇತ್ತು. ಬುಡ ಉಳೀಲಿ ಅನ್ನೋ ಆಸೆ ಇತ್ತು. ಒದ್ದೆಯಾದ ಕತ್ತರಿ ತುಕ್ಕು ಹಿಡೀಬಾರ್ದು ಅಂತ ಎಣ್ಣೆ ಸವರಿಟ್ಟಿದಾಳೆ. ಕಳ್ಳ ಹಾಗೆ ಮಾಡಲ್ಲ, ಹೊಲಿಗೆ ಕಲಿತವರು ಮಾಡ್ತಾರೆ. ಯಾರಮ್ಮಾ ಕಲಿಸಿದ್ದು?"

"ಅಕ್ಕ." ತಂಗಿ ತಲೆ ಎತ್ತಲಿಲ್ಲ. "ತಿಂಗಳಿಗೊಂದ್ಸಲ ತುದಿ ಕತ್ತರಿಸಿ ನೆಡ್ತಿದ್ಲು. ನೀವು ಹತ್ರಕ್ಕೇ ಬಿಡ್ಲಿಲ್ಲ ಭಾವ. ಅವಳ ಕತ್ತರಿ ಕೇಳಿದೆ, ಅದನ್ನೂ ಕೊಡ್ಲಿಲ್ಲ. ನಂಗೂ ಅವಳದ್ದು ಅಂತ ಏನಾದ್ರೂ ಬೇಡ್ವಾ?"

ದರ್ಜಿ ಒಂದು ಬಾಟಲಿ ಎತ್ತಿದ. ಕಿಟಕಿಯ ಬಿಸಿಲಿಗೆ ನೀರು ಬೆಚ್ಚಗಾಗಿತ್ತು. ಎಲೆಗಳು ಆಗಲೇ ಕರಗುತ್ತಿದ್ದವು.

"ದೂರು ಬೇಡ ಮೇಡಂ," ಎಂದ. "ಬಾರಮ್ಮ, ನೀನೇ ನೆಡು."

* * *

ತಿಂಗಳ ಮೇಲೆ ಇನ್ಸ್‌ಪೆಕ್ಟರಮ್ಮ ಆ ಮನೆಗೆ ಇಣುಕಿದಳು. ಮೊಳೆ ಖಾಲಿ ಇತ್ತು. ಕತ್ತರಿ ತಂಗಿಯ ಕೈಲಿತ್ತು.

ಹತ್ತು ತಿಂಗಳ ಮೇಲೆ ಕತ್ತರಿಸಿದ್ದು ತಡವಾಗಿತ್ತು. ಇಪ್ಪತ್ತು ಮೋಟುಗಳಲ್ಲಿ ಒಂದೂ ಚಿಗುರಿರಲಿಲ್ಲ. ಇಪ್ಪತ್ತು ತುದಿಗಳಲ್ಲಿ ಹದಿನೇಳು ಕೊಳೆತುಹೋಗಿದ್ದವು, ಮೂರು ಉಳಿದಿದ್ದವು.